ಒಂದು ಮನೆ, ನಲವತ್ತು ನೆಲ

ನಕ್ಷೆಗಳನ್ನು ಕೈಯಿಂದಲೇ ಬರೆಯುತ್ತಿದ್ದ ಕಾಲದಲ್ಲಿ ನಲವತ್ತು ಮನೆಗಳ ಬಡಾವಣೆಯೊಂದು ಬಂದಿತೆಂದರೆ ನಕ್ಷೆಗಾರನು ಒಂದೇ ಮನೆಯನ್ನು ನಲವತ್ತು ಸಲ ಬರೆಯಬೇಕಾಗುತ್ತಿತ್ತು; ಟ್ರೇಸಿಂಗ್ ಕಾಗದವನ್ನು ಸರಿಸಿ ಸರಿಸಿ, ಅದೇ ಗೋಡೆಯನ್ನು, ಅದೇ ಬಾಗಿಲನ್ನು, ಅದೇ ಮೆಟ್ಟಿಲನ್ನು ಮಸಿಯಲ್ಲಿ ಎಳೆಯುತ್ತ ಇಪ್ಪತ್ತನೆಯ ಮನೆಯನ್ನು ಮುಟ್ಟುವ ಹೊತ್ತಿಗೆ ಅವನ ಕೈ ಸೋತುಹೋಗುತ್ತಿತ್ತು. ಆ ಬೇಸರಕ್ಕೂ ಒಂದು ಪ್ರಯೋಜನವಿದ್ದಿತೆಂದು ಈಗ ತೋರುತ್ತದೆ. ಇಪ್ಪತ್ತೊಂದನೆಯ ಮನೆಯ ಹೊಸ್ತಿಲನ್ನು ಬರೆಯುವಾಗ ಅದರೆದುರಿಗೆ ಹುಣಸೆಯ ಮರವೊಂದಿದೆಯೆಂಬುದು ಅವನ ಕಣ್ಣಿಗೆ ಬೀಳದೆ ಹೋಗುವಂತಿರಲಿಲ್ಲ. ಇಂದು ಗಣಕಯಂತ್ರದೆದುರು ಕುಳಿತ ತರುಣನು ಮನೆಯನ್ನು ಒಮ್ಮೆ ಬರೆದು, ಉಳಿದ ಮೂವತ್ತೊಂಬತ್ತನ್ನೂ ಒಂದೇ ಆಜ್ಞೆಯಿಂದ ನಿವೇಶನದ ಮೇಲೆ ಹರಡಿ, ಚಹಾ ಕುಡಿಯಲು ಏಳುತ್ತಾನೆ. ಶ್ರಮ ಉಳಿದುದಕ್ಕೆ ವ್ಯಥೆಪಡುವವನು ನಾನಲ್ಲ. ಆದರೆ ಹೀಗೆ ಹರಡಿದುದು ಒಂದು ಮನೆಯೋ ನಲವತ್ತು ಮನೆಗಳೋ ಎಂಬ ಪ್ರಶ್ನೆ ಮಾತ್ರ ಆ ಶ್ರಮದೊಡನೆ ಮಾಯವಾಗಲಿಲ್ಲವೆಂದು ನನ್ನ ಭಾವನೆ.

ಈ ಸೌಕರ್ಯವು ಹೊಸದೇನೂ ಅಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್‌ಲ್ಯಾಂಡ್ 1963ರಲ್ಲಿ ತನ್ನ ಪ್ರೌಢಪ್ರಬಂಧವಾಗಿ ಒಪ್ಪಿಸಿದ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯಲ್ಲಿಯೇ ಇದರ ಬೀಜವಿದೆ. ಅಲ್ಲಿ ಮೂಲಚಿತ್ರವೊಂದನ್ನು ಬರೆದಿಟ್ಟರೆ ಅದರ ಪ್ರತಿಗಳನ್ನು ಬೇಕಾದೆಡೆಯಲ್ಲಿ ಇಡಬಹುದಾಗಿತ್ತು, ತಿರುಗಿಸಬಹುದಾಗಿತ್ತು, ಹಿಗ್ಗಿಸಿ ಕುಗ್ಗಿಸಬಹುದಾಗಿತ್ತು. ಮೂಲವನ್ನು ತಿದ್ದಿದೊಡನೆ ಪ್ರತಿಗಳೆಲ್ಲವೂ ತಾವಾಗಿಯೇ ತಿದ್ದಿಕೊಳ್ಳುತ್ತಿದ್ದುವು. ಇಂದಿನ ನಕ್ಷೆಯ ತಂತ್ರಾಂಶಗಳಲ್ಲಿ ಬರುವ ಆಟೋಕ್ಯಾಡಿನ ಬ್ಲಾಕ್, ಆರ್ಕಿಕ್ಯಾಡಿನ ಹಾಟ್‌ಲಿಂಕ್ ಮಾಡ್ಯೂಲ್, ರೆವಿಟ್ಟಿನ ಲಿಂಕ್ ಇವೆಲ್ಲವೂ ಹೆಸರು ಬೇರೆಯಾದರೂ ಆ ವಂಶದ ಕುಡಿಗಳೇ. ನಮ್ಮ ವೈಶೇಷಿಕ ದಾರ್ಶನಿಕರು ಕೇಳಿದ್ದರೆ ಇದರಲ್ಲಿ ತಮಗೆ ಅಪರಿಚಿತವಾದುದು ಯಾವುದೂ ಇಲ್ಲವೆನ್ನುತ್ತಿದ್ದರು: ಹಸುಗಳು ಅನೇಕ, ಅವುಗಳಲ್ಲೆಲ್ಲ ನೆಲೆಸಿರುವ ಗೋತ್ವವೆಂಬ ಸಾಮಾನ್ಯವು ಒಂದೇ. ಹಾಲು ಕರೆಯಬೇಕಾದಾಗ ಮಾತ್ರ ಯಾರೂ ಗೋತ್ವದ ಬಳಿಗೆ ಚೆಂಬು ಹಿಡಿದು ಹೋದುದಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿರುವ, ಒದೆಯುವ ಅಭ್ಯಾಸವುಳ್ಳ ಆ ಒಂದು ಹಸುವಿನ ಬಳಿಗೇ ಹೋಗಬೇಕು.

ಮೂಲವೊಂದನ್ನು ತಿದ್ದಿದರೆ ಎಲ್ಲವೂ ತಿದ್ದಿಹೋಗುವುದೆಂಬುದು ಸಣ್ಣ ವರವಲ್ಲ. ಬಚ್ಚಲಿನ ಬಾಗಿಲು ಕಮೋಡಿಗೆ ತಗಲುವುದೆಂದು ತಡವಾಗಿ ತಿಳಿದರೆ ಒಂದೆಡೆ ಸರಿಪಡಿಸಿದರೆ ಸಾಕು. ಕೈನಕ್ಷೆಯ ಕಾಲದಲ್ಲಿ ಮೂವತ್ತೆಂಟನ್ನು ತಿದ್ದಿ ಎರಡನ್ನು ಮರೆಯುವ ಸಂಭವವಿತ್ತು, ಆ ಎರಡೇ ಮನೆಗಳನ್ನು ಕಟ್ಟಡದವರು ಮೊದಲು ಕಟ್ಟುವರೆಂಬುದೂ ಒಂದು ನಿಯಮದಂತಿತ್ತು. ಫೈಲು ಹಗುರವಾಗುವುದು ಇನ್ನೊಂದು ಲಾಭ. ಗೋಡೆ ಗೋಡೆಯನ್ನೂ ನಲವತ್ತು ಬಾರಿ ಹೊರುವ ಬದಲು ಯಂತ್ರವು ಒಂದು ಮನೆಯನ್ನೂ ನಲವತ್ತು ಸ್ಥಾನಗಳನ್ನೂ ನೆನಪಿನಲ್ಲಿಟ್ಟುಕೊಂಡರೆ ಸಾಕು.

ತೊಡಕಿರುವುದು ಸ್ಥಾನವೆಂದರೇನೆಂಬಲ್ಲಿಯೇ. ಬೆಂಗಳೂರಿನವರ ಬಾಯಲ್ಲಿ ಗಾದೆಯಂತೆ ನೆಲೆಸಿರುವ ಮೂವತ್ತು-ನಲವತ್ತರ ಸೈಟುಗಳನ್ನೇ ತೆಗೆದುಕೊಳ್ಳೋಣ. ಮೂವತ್ತು ಅಡಿ ಅಗಲದ ಹತ್ತು ಸೈಟುಗಳು ಒಂದು ಸಾಲಾಗಿವೆ. ನೆಲವು ಇಪ್ಪತ್ತು ಅಡಿಗೆ ಒಂದಡಿಯಂತೆ ಇಳಿಜಾರಾಗಿದೆ. ನಡೆಯುವವನಿಗೆ ಈ ಇಳಿಜಾರು ಅಷ್ಟಾಗಿ ಅರಿವಿಗೇ ಬಾರದು. ಲೆಕ್ಕ ಹಾಕಿದರೆ ಒಂದು ಸೈಟಿಗೂ ಮುಂದಿನದಕ್ಕೂ ಒಂದೂವರೆ ಅಡಿಯ ವ್ಯತ್ಯಾಸ ಬೀಳುತ್ತದೆ, ಸಾಲಿನ ಈ ತುದಿಗೂ ಆ ತುದಿಗೂ ಹದಿನೈದು ಅಡಿ. ಎಂದರೆ, ಮೊದಲನೆಯ ಮನೆಯ ಪಾಯದ ಮಟ್ಟದಲ್ಲಿಯೇ ಹತ್ತನ್ನೂ ಇಟ್ಟರೆ ಕಡೆಯ ಮನೆಯ ಜಗಲಿಯು ನೆಲದಿಂದ ಒಂದು ಮಹಡಿಗಿಂತಲೂ ಹೆಚ್ಚು ಎತ್ತರದಲ್ಲಿ ತೇಲುತ್ತಿರುತ್ತದೆ. ಇಷ್ಟಾದರೂ ಮೇಲಿನಿಂದ ನೋಡಿದ ನಕ್ಷೆಯಲ್ಲಿ ಹತ್ತು ಆಯತಗಳು ಅಚ್ಚುಕಟ್ಟಾಗಿ ಸಾಲುಗೂಡಿ ನಿಂತಿರುವುವೇ ಹೊರತು ತೇಲುವ ಮನೆಗೂ ಊರಿದ ಮನೆಗೂ ಅಲ್ಲಿ ಕೂದಲೆಳೆಯ ಭೇದವೂ ಕಾಣದು. ಉದ್ದ ಅಗಲಗಳ ಎರಡು ಸಂಖ್ಯೆಗಳನ್ನು ಕೊಟ್ಟವನು ಮೂರನೆಯದನ್ನು ಮರೆತರೆ ಯಂತ್ರವು ಜಗಳವಾಡುವುದಿಲ್ಲ. ಸೊನ್ನೆಯೆಂದು ಭಾವಿಸಿ ಮುಂದುವರಿಯುತ್ತದೆ.

ಮೂರನೆಯದನ್ನು ನೆನಪಿಟ್ಟವನಿಗೂ ವಿಶ್ರಾಂತಿಯಿಲ್ಲ. ಮನೆಗಳನ್ನು ಒಂದೊಂದಾಗಿ ಅವುಗಳ ಮಟ್ಟಕ್ಕೆ ಇಳಿಸಿ ಕೂರಿಸಿದನೆನ್ನಿ. ಈ ತಂತ್ರಾಂಶಗಳಲ್ಲಿ ನಕ್ಷೆಯೆಂಬುದು ಒಂದು ಗೊತ್ತಾದ ಎತ್ತರದಲ್ಲಿ ಕಟ್ಟಡವನ್ನು ಅಡ್ಡಲಾಗಿ ಕೊಯ್ದು ಕೆಳಗೆ ನೋಡಿದ ನೋಟ. ಕೊಯ್ಯುವ ಕತ್ತಿ ಇಡೀ ನಿವೇಶನಕ್ಕೂ ಒಂದೇ, ಅದು ಇಳಿಜಾರನ್ನರಿಯದು. ಆದಕಾರಣ ಮೇಲ್ಗಡೆಯ ಮನೆಗಳಲ್ಲಿ ಆ ಕತ್ತಿ ಗೋಡೆಯನ್ನು ಸೀಳಿ ಅಡುಗೆಮನೆ, ಪಡಸಾಲೆಗಳನ್ನು ಬಯಲಿಗಿಟ್ಟರೆ, ಕೆಳಗಿನ ಮನೆಗಳ ಮೇಲೆ ಅದು ಗಾಳಿಯಲ್ಲಿ ಹಾದುಹೋಗಿ ಬರಿಯ ತಾರಸಿಯನ್ನು ತೋರಿಸುತ್ತದೆ. ಒಂದೇ ಮನೆಯ ಹತ್ತು ಪ್ರತಿಗಳು ಹತ್ತು ಬಗೆಯಾಗಿ ಕಾಣುವ ಈ ದೃಶ್ಯವನ್ನು ದೋಷವೆಂದು ಬಗೆದು, ಕೆಲವರು ಮನೆಗಳನ್ನೆಲ್ಲ ಮತ್ತೆ ಒಂದೇ ಮಟ್ಟಕ್ಕೆ ಎತ್ತಿಬಿಡುವುದುಂಟು! ನಕ್ಷೆ ಆಗ ಸುಂದರವಾಗುತ್ತದೆ, ಸುಳ್ಳಾಗುತ್ತದೆ. ನನ್ನ ಕಣ್ಣಿಗೆ ಆ ಮೊದಲಿನ ವಿಕಾರವಾದ ನಕ್ಷೆಯೇ ಪ್ರಾಮಾಣಿಕವಾದುದು. ನೆಲವು ಒಂದಲ್ಲವೆಂದು ಅದು ತನಗೆ ತಿಳಿದಂತೆ ಕೂಗಿ ಹೇಳುತ್ತಿರುತ್ತದೆ.

ಕನ್ನಡಿಯ ಆಜ್ಞೆ ಇದಕ್ಕಿಂತ ನಯವಾದ ವಂಚಕ. ಪಕ್ಕದ ಮನೆಯನ್ನು ಕನ್ನಡಿಯ ಬಿಂಬದಂತೆ ತಿರುವಿಟ್ಟರೆ ಎರಡು ಬಚ್ಚಲುಗಳು ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಚರಂಡಿಗೆ ನೀರು ಬಿಡುವುದರಿಂದ ಹಣ ಉಳಿಯುವುದು ನಿಜ. ಆದರೆ ಪೂರ್ವಕ್ಕೆ ಮುಖಮಾಡಿದ ಮನೆಯ ಆಗ್ನೇಯದಲ್ಲಿದ್ದ ಅಡುಗೆಮನೆಯು ಹಾಗೆ ತಿರುವಿದಾಗ ಈಶಾನ್ಯಕ್ಕೆ ಬಂದು ಕೂರುತ್ತದೆ. ದೇವರ ಮನೆಯ ಜಾಗದಲ್ಲಿ ಒಲೆ ಹೊತ್ತುತ್ತದೆ. ರಸ್ತೆಯ ಆಚೆ ಸಾಲಿಗಾಗಿ ಮನೆಯನ್ನು ಅರ್ಧಸುತ್ತು ತಿರುಗಿಸಿದರೆ ಅದೇ ಅಡುಗೆಮನೆ ವಾಯವ್ಯಕ್ಕೆ ಹೋಗುತ್ತದೆ. (ವಾಸ್ತು ಹೇಳುವವರು ವಾಯವ್ಯಕ್ಕೆ ಹೇಗೋ ಒಪ್ಪಿಗೆ ಕೊಡುವರೆಂದು ಕೇಳಿದ್ದೇನೆ, ಎದುರು ಸಾಲಿನ ಸೈಟುಗಳೂ ಮಾರಾಟವಾಗಬೇಕಷ್ಟೆ.) ವಾಸ್ತುವನ್ನು ನಂಬದವನಿಗೂ ಸೂರ್ಯನನ್ನು ನಂಬದೆ ಗತಿಯಿಲ್ಲ: ಪೂರ್ವದ ಎಳೆಬಿಸಿಲಿಗೆಂದು ಅಗಲವಾಗಿ ತೆರೆದಿಟ್ಟ ಕಿಟಕಿ ಪಶ್ಚಿಮಕ್ಕೆ ತಿರುಗಿದರೆ, ಬೇಸಗೆಯ ಸಂಜೆಯಲ್ಲಿ ಆ ಕೋಣೆ ಬೇಯುತ್ತದೆ, ಮುಂಗಾರಿನಲ್ಲಿ ತೋಯುತ್ತದೆ. ಹಿಂದಿನ ತಂತ್ರಾಂಶಗಳಲ್ಲಿ ಮನೆಯನ್ನು ತಿರುವಿದಾಗ ನಕ್ಷೆಯ ಮೇಲಿನ ಅಕ್ಷರಗಳೂ ಕನ್ನಡಿಯೊಳಗಿನಂತೆ ತಿರುಗುಮುರುಗಾಗುತ್ತಿದ್ದುವು. ಆ ತಪ್ಪು ಎಲ್ಲರ ಕಣ್ಣಿಗೂ ಬಿದ್ದು ಬೇಗನೆ ಪರಿಹಾರವಾಯಿತು. ಈಗ ‘ಅಡುಗೆಮನೆ’ ಎಂಬ ಅಕ್ಷರಗಳು ನೆಟ್ಟಗಿರುತ್ತವೆ, ಅಡುಗೆಮನೆಯೊಂದೇ ತಿರುಗಿರುತ್ತದೆ.

ಹಾಗಾದರೆ ಪುನರಾವೃತ್ತಿಯೇ ದೋಷವೋ ಎಂದು ಕೇಳಬಹುದು. ಹಾಗೆಂದವರು ಸೋಮನಾಥಪುರಕ್ಕೆ ಹೋಗಿಬರಬೇಕು. 13ನೆಯ ಶತಮಾನದ ಆ ಕೇಶವ ದೇವಾಲಯದ ಪ್ರಾಂಗಣದ ಸುತ್ತ ಒಂದೇ ತೆರನಾದ 64 ಗುಡಿಗೂಡುಗಳು ಸಾಲಾಗಿವೆ. ನೋಡುವವನಿಗೆ ಬೇಸರವಾಗುವುದರ ಬದಲು ಮನಸ್ಸು ಒಂದು ತಾಳಕ್ಕೆ ಒಗ್ಗುತ್ತದೆ. ಅಲ್ಲಿ ಶಿಲ್ಪಿಗಳು ಮೊದಲು ನೆಲವನ್ನು ಒಂದು ಮಾಡಿಕೊಂಡರು, ಅನಂತರ ಕಟ್ಟಡವನ್ನು ಆವರ್ತಿಸಿದರು. ಆವೃತ್ತಿಗೆ ಬೇಕಾದ ಅಧಿಕಾರವನ್ನು ಅವರು ಹೀಗೆ ಸಂಪಾದಿಸಿಕೊಂಡರು. ಇನ್ನು ಕೊಡಗಿನ, ಚಿಕ್ಕಮಗಳೂರಿನ ಕಾಫಿತೋಟಗಳ ಕೂಲಿಯವರ ಲೈನ್ ಮನೆಗಳನ್ನು ನೋಡಿರಿ. ಅವು ದಾರಿದ್ರ್ಯದ ಆವೃತ್ತಿಗಳು. ಅವುಗಳನ್ನು ಹೊಗಳುವ ಮನಸ್ಸು ನನಗಿಲ್ಲ. ಆದರೂ ಗುಡ್ಡದ ಓರೆಯಲ್ಲಿ ಸಾಲು ಕಟ್ಟಬೇಕಾದವನು ನೆಲವನ್ನು ಅಷ್ಟಷ್ಟಕ್ಕೆ ಕಡಿದು ಮಟ್ಟಮಾಡಿಕೊಂಡನಲ್ಲದೆ ಗುಡ್ಡವನ್ನು ಇಲ್ಲವೆಂದು ಭಾವಿಸಲಿಲ್ಲ.

ಎಷ್ಟನ್ನು ಆವರ್ತಿಸಬೇಕು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ನಮ್ಮ ದೇಶದಲ್ಲಿ ದೊರೆತ ಅತ್ಯಂತ ವಿವೇಕದ ಉತ್ತರ ಇಂದೋರಿನ ಅರಣ್ಯ ಬಡಾವಣೆಯೆಂದು ನನ್ನ ಮತ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಅಲ್ಲಿ ಸುಮಾರು 6500 ನಿವೇಶನಗಳನ್ನು ವಿನ್ಯಾಸಗೊಳಿಸಿದರು. ಅಷ್ಟೂ ಮನೆಗಳನ್ನು ತಾವೇ ಬರೆಯಲು ಹೋಗಲಿಲ್ಲ. ಮಾದರಿಗೆಂದು 80 ಮನೆಗಳನ್ನು ಕಟ್ಟಿಸಿ ತೋರಿಸಿ, ಬಡವರ ನಿವೇಶನಗಳಿಗೆ ಪಾಯವನ್ನೂ ನೀರು-ಶೌಚಗಳ ಸಣ್ಣ ಗರ್ಭವನ್ನೂ ಮಾತ್ರ ಒದಗಿಸಿ, ಉಳಿದುದನ್ನು ಮನೆಯವರ ಕೈಗೆ, ಅವರ ಹಣಕಾಸಿಗೆ, ಅವರ ಮಕ್ಕಳ ಸಂಖ್ಯೆಗೆ ಬಿಟ್ಟರು. ಆವರ್ತಿಸಿದ್ದು ಅತ್ಯಲ್ಪ, ಆ ಅಲ್ಪವು ನೆಲವನ್ನು ಮುಟ್ಟುವ ಭಾಗವಾಗಿತ್ತೆಂಬುದು ಗಮನಾರ್ಹ. ಇದಕ್ಕೆ ವಿಪರೀತವಾಗಿ, ಎರಡನೆಯ ಮಹಾಯುದ್ಧದ ತರುವಾಯ ನ್ಯೂಯಾರ್ಕಿನ ಬಳಿಯ ಲೆವಿಟ್‌ಟೌನಿನಲ್ಲಿ 17,000ಕ್ಕೂ ಮಿಕ್ಕಿದ ಮನೆಗಳು ಕೆಲವೇ ಅಚ್ಚುಗಳಿಂದ ಎದ್ದುವು. ಅಲ್ಲಿಗೆ ಬಂದ ಸಂಸಾರಗಳು ಒಂದೊಂದಾಗಿ ಗೋಡೆ ಸರಿಸಿ, ಅಟ್ಟವನ್ನು ಕೋಣೆ ಮಾಡಿ, ಮುಂದೆ ಚಾಚಿಸಿ, ಮೂಲದ ಅಚ್ಚಿನ ಗುರುತೇ ಸಿಗದಂತೆ ಮಾಡಿದುವು. ತಂತ್ರಾಂಶದ ಭಾಷೆಯಲ್ಲಿ ಹೇಳುವುದಾದರೆ, ವಾಸಿಸತೊಡಗಿದೊಡನೆಯೇ ಪ್ರತಿಗಳು ಮೂಲದ ನಂಟನ್ನು ಕಡಿದುಕೊಂಡುವು.

ಆದುದರಿಂದ ನಕ್ಷೆಗಾರನು ತನ್ನ ಫೈಲುಗಳನ್ನು ಬೇರ್ಪಡಿಸುವ ಕ್ರಮದಲ್ಲಿಯೇ ಈ ವಿವೇಚನೆ ತೋರಬೇಕು. ಕೋಣೆಗಳ ಜೋಡಣೆ, ಮೆಟ್ಟಿಲು, ಕಿಟಕಿಯ ಅಳತೆಗಳು ಮನೆಯ ಫೈಲಿಗೆ ಸೇರಲಿ. ಪಾಯದ ಎತ್ತರ, ಮುಂಬಾಗಿಲಿಗೆ ಹತ್ತುವ ಮೆಟ್ಟಿಲುಗಳ ಸಂಖ್ಯೆ, ಕಾಂಪೌಂಡು, ಚರಂಡಿಯ ಓಟ, ಮರ ಇವು ನಿವೇಶನದ ಫೈಲಿನಲ್ಲಿ, ಒಂದೊಂದು ಮನೆಗೂ ಬೇರೆಬೇರೆಯಾಗಿ, ಕೈಯಿಂದ ಬರೆದಂತೆ ಇರಲಿ. ಒಂದೇ ಮನೆಯ ಪ್ರತಿ ಪ್ರತಿಗೂ ಪ್ರತ್ಯೇಕ ಹೆಸರನ್ನೂ ಮಟ್ಟವನ್ನೂ ಕೊಟ್ಟು ನೆನಪಿಡಲು ರೆವಿಟ್ಟಿನಂತಹ ತಂತ್ರಾಂಶಗಳು ಅವಕಾಶ ಕೊಡುತ್ತವೆ. ಕೊಡದೆ ಹೋಗುವವರು ನಾವು.

ಕೆಲವು ವರ್ಷಗಳ ಕೆಳಗೆ ಇಂತಹುದೊಂದು ಸಾಲುಮನೆಯ ಕೆಲಸ ಆರಂಭವಾಗುವ ದಿನ ನಾನೂ ಅಲ್ಲಿದ್ದೆ. ನಕ್ಷೆಯನ್ನು ಬಹಳ ಹೊತ್ತು ನೋಡಿದ ವೃದ್ಧ ಮೇಸ್ತ್ರಿ, “ಸ್ವಾಮಿ, ಕಾಗದದಾಗೆ ಎಲ್ಲಾ ಮನೇನೂ ಒಂದೇ ಮಟ್ಟದಾಗೆ ಕೂತವೆ. ನೀರು ಒಪ್ಪಬೇಕಲ್ಲ” ಎಂದು, ನೀರು ತುಂಬಿದ ಪಾರದರ್ಶಕ ಕೊಳವೆಯನ್ನು ಹರಡಿಸಿದನು. ಅದರ ಒಂದು ತುದಿಯನ್ನು ಮೊದಲನೆಯ ಗೂಟಕ್ಕೆ ಹಿಡಿದು, ಇನ್ನೊಂದನ್ನು ಸಾಲಿನುದ್ದಕ್ಕೂ ಒಯ್ಯುತ್ತ ಹೋದಂತೆ ಗೂಟಗಳು ಸಾಲದೆ, ಏಳನೆಯ ಮನೆಯ ಬಳಿ ಬಿದಿರಿನ ಗಳವನ್ನು ತರಿಸಿ ನಿಲ್ಲಿಸಬೇಕಾಯಿತು. ನೀರು ನಿಂತ ಕಡೆ ಅವನು ಕೆಂಪು ಸೀಮೆಸುಣ್ಣದಿಂದ ಗೆರೆ ಎಳೆದನು. ಬಡಾವಣೆಯ ತರುಣ ಎಂಜಿನಿಯರನು ಆ ಗಳದ ಬುಡದಲ್ಲಿ ನಿಂತು, ತನ್ನ ತಲೆಯ ಮೇಲೆ ಮೂರು ಮೊಳ ಎತ್ತರದಲ್ಲಿದ್ದ ಗೆರೆಯನ್ನು ಕತ್ತೆತ್ತಿ ನೋಡುತ್ತ, ಅಲ್ಲಿ ಜಗಲಿ ಬರಬೇಕಾಗಿತ್ತೆಂದು ಮೆಲ್ಲನೆ ಹೇಳಿದನು.