ಉಜ್ಜಬೇಡ್ರಪ್ಪಾ, ಮೊದಲು ಓದಿ!

ಹೋದ ಭಾನುವಾರ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೆ ಹೋಗಿದ್ದೆ. ಟಾರ್ಪಾಲಿನ ಮೇಲೆ ಹಳೇ ಪಾನಾ, ಇಕ್ಕಳ, ಸುತ್ತಿಗೆ ಎಲ್ಲ ಗುಡ್ಡೆ ಹಾಕಿದ್ದರು. ಅದರಲ್ಲೊಂದು ಅರ್ಧ ಇಂಚಿನ ರ‍್ಯಾಚೆಟ್ಟು, ಮೈಯೆಲ್ಲ ತುಕ್ಕು. ಕೈಗೆತ್ತಿಕೊಂಡೆನೋ ಇಲ್ಲವೋ, "ಐದು ನಿಮಿಷ ನಿಲ್ಲಿ ಸಾರ್, ಬಫ್ ಹೊಡೆಸಿ ಹೊಸದರ ಥರ ಮಾಡ್ಕೊಡ್ತೀನಿ" ಅಂದ ಅಂಗಡಿಯವ. "ಬೇಡಪ್ಪಾ, ಹಂಗೇ ಕೊಡು" ಅಂತ ಹೆಚ್ಚುಕಮ್ಮಿ ಕಿರುಚಿಯೇ ಬಿಟ್ಟೆ. ಆತ ನನ್ನನ್ನು ನೋಡಿದ ರೀತಿ... ಇರಲಿ ಬಿಡಿ :)

ಕಿರುಚಿದ್ದಕ್ಕೆ ಕಾರಣ ಇದೆ. ಮೂರು ವರ್ಷದ ಹಿಂದೆ ಇದೇ ಪಾಪ ನಾನೂ ಮಾಡಿದ್ದೆ. ಮೊದಲ ಸಲ ಕೊಂಡ ಹಳೇ ರ‍್ಯಾಚೆಟ್ಟಿಗೆ ಡ್ರಿಲ್ಲಿಗೆ ಎಮರಿ ಚಕ್ರ ಸಿಕ್ಕಿಸಿ ಅರ್ಧ ಗಂಟೆ ಉಜ್ಜಿದೆ. ಕನ್ನಡಿಯ ಹಾಗೆ ಹೊಳೀತು. ಊರಿಗೆ ಒಯ್ದು ಅಪ್ಪನಿಗೆ ತೋರಿಸಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲೀದೋ ಇದು?" ಉತ್ತರ ಇರಲಿಲ್ಲ. ಹಿಡಿಯ ಮೇಲಿದ್ದ ಅಕ್ಷರಗಳನ್ನೆಲ್ಲ ನಾನೇ ಪುಡಿ ಮಾಡಿ ಗುಡಿಸಿ ಹಾಕಿದ್ದೆ.

ಊರಲ್ಲಿ ಶಾಸನದ ಕಲ್ಲಿಗೆ ಸುಣ್ಣ ಬಳಿಯೋರನ್ನ, ವೀರಗಲ್ಲಿನ ಮೇಲೆ ಬಟ್ಟೆ ಒಗೆಯೋರನ್ನ ನಾವು ಬೈತೀವಿ. ಹಳೇ ಪಾನಾ ಉಜ್ಜಿ 'ರಿಸ್ಟೋರ್' ಮಾಡಿದೆ ಅಂತ ವಿಡಿಯೋ ಹಾಕೋರಿಗೆ ಮಾತ್ರ ಚಪ್ಪಾಳೆ. ಯಾಕೆ ಸ್ವಾಮಿ?

ಆ ಅಕ್ಷರಗಳು ಏನು ಹೇಳುತ್ತವೆ ನೋಡಿ. 'ವೆಸ್ಟ್ ಜರ್ಮನಿ' ಅಂತಿದ್ದರೆ ಆ ದೇಶ ಇದ್ದದ್ದೇ 1949ರಿಂದ 1990ರವರೆಗೆ; ಅಂದಾಜು ಸಿಕ್ಕೇಬಿಟ್ಟಿತು. ಅಮೆರಿಕದ 'ಪ್ಲಾಂಬ್' ಹೆಸರಿದ್ದರೆ ಸುಮಾರು 1940ರ ದಶಕದ್ದು ಅಥವಾ ಅದಕ್ಕೂ ಹಿಂದಿನದು. ಪ್ಲಂಬ್ ಅನ್ನೋ ಸುತ್ತಿಗೆ-ಕೊಡಲಿ ಕಂಪನಿ ಹೆಸರಿಗಾಗಿ ಕೋರ್ಟಿಗೆ ಎಳೆದ ಮೇಲೆ ಅವರು 'ಪ್ರೋಟೋ' ಅಂತ ಬದಲಾಯಿಸಿಕೊಂಡರು. ಸ್ನ್ಯಾಪ್-ಆನ್‌ನವರು ವರ್ಷಕ್ಕೊಂದು ಸಣ್ಣ ಗುರುತು ಒತ್ತುತ್ತಿದ್ದರು.

ಪೇಟೆಂಟ್ ನಂಬರ್ ಇದ್ದರಂತೂ ಹಬ್ಬ. ಒಂದು ಎಚ್ಚರಿಕೆ: ನಂಬರ್ ಹೇಳೋದು 'ಇದಕ್ಕಿಂತ ಹಿಂದಿನದಲ್ಲ' ಅಂತ ಮಾತ್ರ, ತಯಾರಾದ ವರ್ಷ ಅಲ್ಲ. ಆದರೆ ಆ ನಂಬರನ್ನ ಹುಡುಕಿದರೆ ಒಳಗಿನ ಬಿಡಿಭಾಗಗಳ ಚಿತ್ರವೇ ಪುಕ್ಕಟೆ ಸಿಗುತ್ತೆ. ಯಾವ ಸ್ಕ್ರೂ ಬಿಚ್ಚಬೇಕು, ಸ್ಪ್ರಿಂಗು ಎಲ್ಲಿ ಕೂರುತ್ತೆ, ಎಲ್ಲಾ. ಅಂದರೆ ಗುರುತು ಅಳಿಸಿದವನು ಬರೀ ಇತಿಹಾಸ ಅಳಿಸಲಿಲ್ಲ, ರಿಪೇರಿಯ ದಾರಿಯನ್ನೂ ಮುಚ್ಚಿದ. ನಮ್ಮ ಕೆಲಸದಲ್ಲಿ ಕೋಡ್ ಇಟ್ಟುಕೊಂಡು ಗಿಟ್ ಹಿಸ್ಟರಿ ಪೂರಾ ಡಿಲೀಟ್ ಮಾಡಿದವನನ್ನ ಏನಂತೀವೋ ಇವನನ್ನೂ ಅದೇ ಅನ್ನಬೇಕು.

3208318 ಅನ್ನೋ ಅಮೆರಿಕನ್ ಪೇಟೆಂಟನ್ನೇ ತಗೊಳ್ಳಿ. ಗುಂಡಿ ಒತ್ತಿದರೆ ಸಾಕೆಟ್ ತಾನಾಗಿ ಕಳಚೋ ಉಪಾಯ. ಮಾಡಿದ್ದು ಪೀಟರ್ ರಾಬರ್ಟ್ಸ್, ಸಿಯರ್ಸ್ ಅಂಗಡಿಯ ಗುಮಾಸ್ತ, 1963ರಲ್ಲಿ 18 ವರ್ಷದ ಹುಡುಗ. ಇದಕ್ಕೆ ಅಷ್ಟೇನೂ ಬೆಲೆ ಇಲ್ಲ ಅಂತ ನಂಬಿಸಿ ಕಂಪನಿ ಅವನಿಗೆ ಕೊಟ್ಟದ್ದು 10,000 ಡಾಲರ್. ತಾನು ಮಾತ್ರ ಕೋಟಿಗಟ್ಟಲೆ ಗಳಿಸಿತು. 1965ರಲ್ಲಿ ಪೇಟೆಂಟ್ ಬಂತು, 1969ರಲ್ಲಿ ಹುಡುಗ ಕೋರ್ಟಿಗೆ ಹೋದ, 1978ರಲ್ಲಿ ಮೇಲ್ಮನವಿ ಕೋರ್ಟು 10 ಲಕ್ಷ ಡಾಲರ್ ಪರಿಹಾರ ಎತ್ತಿಹಿಡೀತು, 1989ರಲ್ಲಿ 82 ಲಕ್ಷ ಡಾಲರಿಗೆ ರಾಜಿ ಆಯಿತು. ಇಷ್ಟು ಕಥೆಗೆ ದಾರಿ ತೋರಿಸೋದು ಒಂದೇ ಒಂದು ನಂಬರ್. ಕೆಲಸಕ್ಕೆ ಸೇರುವಾಗ ಓದದೇ ಸಹಿ ಹಾಕಿದ ನಮ್ಮಂಥ ಎಂಜಿನಿಯರುಗಳು ಅದನ್ನ ಉಜ್ಜಬಹುದಾ?

ಹಾಗಾದರೆ ತುಕ್ಕು ಹಂಗೇ ಬಿಡಬೇಕಾ? ಬೇಡ. ಮೊದಲು ಫೋಟೋ ತೆಗೀರಿ. ಅಕ್ಷರದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಗೊಳ್ಳಿ. ಆಮೇಲೆ ಒಂದು ರಾತ್ರಿ ಡೀಸೆಲ್‌ನಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜೋ ಬ್ರಷ್ಷಿಂದ ತಿಕ್ಕಿ. ತಲೆ ಬಿಚ್ಚುವಾಗ ಪ್ಲಾಸ್ಟಿಕ್ ಚೀಲದ ಒಳಗೇ ಬಿಚ್ಚಿ, ಇಲ್ಲಾಂದ್ರೆ ಸ್ಪ್ರಿಂಗು ಮಂಚದ ಕೆಳಗೆ ಹಾರಿ ಮಾಯ (ಅನುಭವದ ಮಾತು!). ಒಳಗಿರೋದು ಇಷ್ಟೇ: ಹಲ್ಲಿನ ಚಕ್ರ, ಅದನ್ನ ಹಿಡಿಯೋ ಕೊಕ್ಕೆ, ಕೊಕ್ಕೆ ಒತ್ತೋ ಸ್ಪ್ರಿಂಗು, ಕೆಲವದರಲ್ಲಿ ಉಕ್ಕಿನ ಗುಂಡು. ಗುಂಡು ಸೈಕಲ್ ಅಂಗಡಿಯಲ್ಲಿ ಅಳತೆಗೆ ಸಿಗಬಹುದು. ಕೊನೆಗೆ ತೆಳು ಎಣ್ಣೆ ಎರಡು ಹನಿ. ಗಟ್ಟಿ ಗ್ರೀಸ್ ತುಂಬಿದರೆ ಕೊಕ್ಕೆ ಅಂಟಿಕೊಂಡು ಜಾರುತ್ತೆ.

ಚಕ್ರದ ಹಲ್ಲು ಮುರಿದಿದ್ದರೆ, ತಲೆ ಬಿರುಕು ಬಿಟ್ಟಿದ್ದರೆ ಮಾತ್ರ ಮರುಕ ಬೇಡ. ಜೋರು ಹಾಕಿದಾಗ ಜಾರಿ ಗೆಣ್ಣಿನ ಚರ್ಮ ಕಿತ್ತು ಬರುತ್ತೆ. ಹಳೇದೆಲ್ಲ ಚಿನ್ನ ಅಂತ ನಾನೇನೂ ಹೇಳ್ತಿಲ್ಲ.

"ಆನ್‌ಲೈನಲ್ಲಿ ಹೊಸದೇ ಅಗ್ಗಕ್ಕೆ ಸಿಗುತ್ತಲ್ಲ ಮಾರಾಯ" ಅಂತ ರೂಮ್‌ಮೇಟ್ ನಗ್ತಾನೆ. ಸಿಗುತ್ತೆ. ಕಾಲೇಜಿನಲ್ಲಿ ಈ ಕೊಕ್ಕೆ-ಚಕ್ರದ ಚಿತ್ರ ಬರೆದು ಮಾರ್ಕ್ಸೂ ತಗೊಂಡವನು ನಾನು. ಆದರೆ ಅದು ಅರ್ಥ ಆದದ್ದು ಇಪ್ಪತ್ತೇಳನೇ ವಯಸ್ಸಲ್ಲಿ, ಗುಜರಿಯಿಂದ ತಂದ ಒಂದನ್ನ ಬಿಚ್ಚಿ ಮತ್ತೆ ಜೋಡಿಸಿದಾಗ. ಅದು ಯಾವ ಅಂಗಡೀಲಿ ಅಗ್ಗಕ್ಕೆ ಸಿಗುತ್ತೆ?

ಭಾನುವಾರ ತಂದದ್ದರ ಮೇಲೆ ತುಕ್ಕಿನಡಿ ಮೂರು ಅಕ್ಷರ ಕಾಣ್ತಿದೆ. ಡೀಸೆಲ್‌ನಲ್ಲಿ ನೆನೀತಾ ಇದೆ. ಈ ಸಲ ಅಪ್ಪ ಕೇಳಿದರೆ ಉತ್ತರ ಹೇಳಬೇಕು.

ನೀವೇನಂತೀರಿ?