ಏಕವಚನದಲ್ಲಿ ಕರೆಯುವವರು



ಪ್ರತಿ ವರ್ಷ ಶ್ರಾವಣದ ಒಂದು ಸೋಮವಾರ ನಮ್ಮ ಮಠದ ಪಡಸಾಲೆಯಲ್ಲಿ ಐದಾರು ಮಂದಿ ಹಿರಿಯರು ಬಂದು ಕೂಡುತ್ತಾರೆ. 1960ರ ದಶಕದ ನಡುಭಾಗದಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನ ಒಂದೇ ತರಗತಿಯಲ್ಲಿ ಓದಿದವರು. ಎಲ್ಲರೂ ಈಗ ಎಂಬತ್ತರ ಆಸುಪಾಸಿನವರು. ಅವರಲ್ಲೊಬ್ಬರು ದೊಡ್ಡ ಅಧಿಕಾರಿಯಾಗಿ ನಿವೃತ್ತರಾದವರು, ಇನ್ನೊಬ್ಬರು ಕನ್ನಡ ಶಾಲೆಯ ಮಾಸ್ತರರು, ಮತ್ತೊಬ್ಬರು ಪದವಿ ಪಡೆದೂ ಒಕ್ಕಲುತನಕ್ಕೆ ಮರಳಿದವರು. ಊರೆಲ್ಲ 'ಸಾಹೇಬರೇ' ಎಂದು ಎದ್ದು ನಿಲ್ಲುವ ಆ ಅಧಿಕಾರಿಗಳನ್ನು ಒಕ್ಕಲುತನದ ಗೆಳೆಯರು, "ಯಾಕಲೇ, ಕಿವಿ ಪೂರಾ ಹೋದ್ವೇನು?" ಎಂದು ಕೇಳುತ್ತಾರೆ. ಆಗ ಅಧಿಕಾರಿಗಳ ಮುಖದಲ್ಲಿ ಮೂಡುವ ಬೆಳಕನ್ನು ಯಾವ ಸನ್ಮಾನ ಸಮಾರಂಭದಲ್ಲಿಯೂ ನಾನು ಕಂಡಿಲ್ಲ.

ಹೆತ್ತವರು, ಅಣ್ಣ, ಅಕ್ಕಂದಿರು ಲಿಂಗೈಕ್ಯರಾದ ಮೇಲೆ ಮನುಷ್ಯನನ್ನು ಏಕವಚನದಲ್ಲಿ ಕರೆಯುವವರು ಯಾರು ಉಳಿಯುತ್ತಾರೆ? ಮಕ್ಕಳು 'ಅಪ್ಪಾಜಿ' ಎನ್ನುತ್ತಾರೆ, ನೆರೆಯವರು 'ಯಜಮಾನರೇ' ಎನ್ನುತ್ತಾರೆ. ಇಪ್ಪತ್ತರ ಹರೆಯದ ಆ ಹುಡುಗನನ್ನು ಕಣ್ಣಾರೆ ಕಂಡವರು ಸಹಪಾಠಿಗಳು ಮಾತ್ರ. ಅಂಬಿಗರ ಚೌಡಯ್ಯನವರೂ ಭಂಡಾರಿ ಬಸವಣ್ಣನವರೂ ಸರಿಸಮವಾಗಿ ಕುಳಿತರೆಂದು ನಾವು ಪ್ರವಚನಗಳಲ್ಲಿ ವರ್ಣಿಸುತ್ತೇವೆ. ಆ ಸರಿಸಮತೆಯ ಕಿಂಚಿತ್ ರುಚಿ ನನಗೆ ದೊರೆತದ್ದು ಈ ಹಿರಿಯರ ಹರಟೆಯಲ್ಲಿ.

ಈ ನಂಟು ತಾನಾಗಿ ಉಳಿದುದಲ್ಲ. 1917ರಲ್ಲಿ ಆರಂಭಗೊಂಡ ಆ ಕಾಲೇಜಿಗೆ ಹಳ್ಳಿಗಳಿಂದ ಬಂದ ಬಡ ಹುಡುಗರಲ್ಲಿ ಅನೇಕರಿಗೆ ಮುರುಘಾಮಠದ ಉಚಿತ ಪ್ರಸಾದ ನಿಲಯವೇ ಮನೆಯಾಗಿತ್ತು. ಈ ಗುಂಪಿನ ಇಬ್ಬರು ಅಲ್ಲಿ ಒಂದೇ ಪಂಕ್ತಿಯಲ್ಲಿ ಉಂಡವರು. ಮುಂದೆ ನೌಕರಿ, ವರ್ಗಾವಣೆ, ಸಂಸಾರ. ಯುಗಾದಿಗೊಂದು, ದೀಪಾವಳಿಗೊಂದು ಇನ್‌ಲ್ಯಾಂಡ್ ಪತ್ರ. ಮಡಿಕೆಯ ಅಂಚಿನವರೆಗೂ ಒತ್ತಿ ಬರೆದ ಅಕ್ಷರ. ಮಾಸ್ತರರು ಅವನ್ನೆಲ್ಲ ಇಂದಿಗೂ ತಂತಿಗೆ ಪೋಣಿಸಿ ಇಟ್ಟಿದ್ದಾರೆ.

ಸ್ತ್ರೀಯರ ಪಾಡು ಬೇರೆ. ಆ ತರಗತಿಯಲ್ಲಿ ನಾಲ್ವರು ಹೆಣ್ಣುಮಕ್ಕಳಿದ್ದರಂತೆ. ಮದುವೆಯಾದೊಡನೆ ಅಡ್ಡಹೆಸರು ಬದಲಾಯಿತು, ವಿಳಾಸ ಬದಲಾಯಿತು. ಗಂಡನ ಮನೆಗೆ ಸಹಪಾಠಿಯ ಪತ್ರ ಬಂದರೆ ನೂರು ಪ್ರಶ್ನೆ ಏಳುತ್ತಿದ್ದ ಕಾಲವದು. ಈವರೆಗೆ ಸಿಕ್ಕವರು ಒಬ್ಬರೇ, ಅದೂ ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿದ್ದರಿಂದ.

ಮನೆಯವರ ಬಗ್ಗೆ ನನಗೊಂದು ದೂರಿದೆ. "ಈ ವಯಸ್ಸಿನಲ್ಲಿ ಗೆಳೆಯರೇಕೆ, ನಾವಿಲ್ಲವೇ?" ಎನ್ನುವ ಮಕ್ಕಳನ್ನು ಕಂಡಿದ್ದೇನೆ. ಔಷಧಿಯ ಹೊತ್ತು ತಪ್ಪಿಸದ ಅವರೇ ಹಿರಿಯರ ಫೋನಿಗೆ ಎರಡು ದಿನ ಚಾರ್ಜು ಮಾಡಿರುವುದಿಲ್ಲ. ಅಮೆರಿಕದ ಹಾರ್ವರ್ಡ್‌ನಲ್ಲಿ 1938ರಲ್ಲಿ ಆರಂಭವಾದ ಅಧ್ಯಯನವೊಂದು 268 ವಿದ್ಯಾರ್ಥಿಗಳ ಬದುಕನ್ನು ಮುಪ್ಪಿನವರೆಗೂ ಹಿಂಬಾಲಿಸಿತು. ಐವತ್ತರಲ್ಲಿ ಬಾಂಧವ್ಯಗಳಿಂದ ತೃಪ್ತರಾಗಿದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರು, ಇದನ್ನು ಮುನ್ಸೂಚಿಸುವಲ್ಲಿ ಕೊಲೆಸ್ಟರಾಲಿನ ಅಂಕಿಯೂ ಹಿಂದೆ ಬಿತ್ತು ಎಂದು ಅದರ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ 2015ರಲ್ಲಿ ತಿಳಿಸಿದರು. ರಕ್ತಪರೀಕ್ಷೆಗೆ ಕರೆದೊಯ್ಯುವ ಮಕ್ಕಳು ಇದನ್ನೂ ಗಮನಿಸಬೇಕು.

ನನ್ನನ್ನು ಹೆಚ್ಚು ನೋಯಿಸಿದ ಸಂಗತಿ ಇನ್ನೊಂದು. ಹಿಂದೆ ಸಾವಿನ ಸುದ್ದಿ ತಂತಿಯ ಮೂಲಕ ಬರುತ್ತಿತ್ತು. ಆ ಸೇವೆ 2013ರ ಜುಲೈಯಲ್ಲಿ ನಿಂತಿತು. ಈಗ ಎಲ್ಲರ ಕೈಯಲ್ಲೂ ಫೋನಿದೆ. ಆದರೂ ಈ ಗುಂಪಿನ ಒಬ್ಬರು ಲಿಂಗೈಕ್ಯರಾದುದು ಉಳಿದವರಿಗೆ ತಿಳಿದದ್ದು ಒಂದೂವರೆ ತಿಂಗಳ ಮೇಲೆ. ಮಕ್ಕಳಿಗೆ ತಂದೆಯ ಗೆಳೆಯರ ಹೆಸರು ಗೊತ್ತಿರಲಿಲ್ಲ. ಹೆಸರುಗಳಿದ್ದ ಫೋನಿನ ಬೀಗದ ಅಂಕಿಯೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಮಾಸ್ತರರು ಪ್ರತಿ ಮುಂಜಾನೆ ಆ ಸಂಖ್ಯೆಗೆ ನಮಸ್ಕಾರ ಕಳಿಸುತ್ತಲೇ ಇದ್ದರು.

(ಪರರಿಗೆ ಹೇಳುವ ನನ್ನ ಗತಿ ನೋಡಿ: ನನ್ನ ಎಂ.ಎ. ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಇದ್ದಾರೆ. ಎರಡು ವರ್ಷಗಳಿಂದ ಒಬ್ಬರ ದನಿಯನ್ನೂ ಕೇಳಿಲ್ಲ.)

ಆದುದರಿಂದ ಭಕ್ತರಲ್ಲಿ ನನ್ನ ವಿನಂತಿ ಇಷ್ಟೇ. ಮನೆಯ ಹಿರಿಯರ ಬಳಿ ಕುಳಿತು ಅವರ ಗೆಳೆಯ, ಗೆಳತಿಯರ ಹೆಸರು, ಊರು, ದೂರವಾಣಿ ಸಂಖ್ಯೆಗಳನ್ನು ದಪ್ಪ ಅಕ್ಷರಗಳಲ್ಲಿ ಒಂದು ನೋಟಬುಕ್ಕಿನಲ್ಲಿ ಬರೆದಿಡಿ.

ಕಳೆದ ಶ್ರಾವಣದಲ್ಲಿ ಬಂದವರು ನಾಲ್ವರು. ಐದನೆಯವರಿಗೆ ನೆನಪು ಮಸುಕಾಗಿದೆ. ಫೋನು ಹಚ್ಚಿದಾಗ ಸೊಸೆ, "ಮಾವನವರಿಗೆ ಗುರುತು ಸಿಗಲಿಕ್ಕಿಲ್ಲರೀ" ಎಂದು ಸಂಕೋಚದಿಂದಲೇ ಅವರ ಕಿವಿಗೆ ಹಿಡಿದಳು. ಒಕ್ಕಲುತನದ ಹಿರಿಯರು ಕಾಲೇಜಿನ ಕಾಲದ ಅಡ್ಡಹೆಸರು ಹಿಡಿದು ಕೂಗಿದರು. ತುಸು ಹೊತ್ತು ಮೌನ. ಆಮೇಲೆ ಆ ಕಡೆಯಿಂದ, "ಎಲ್ಲಿದ್ದೀಯಲೇ? ಊಟದ ಗಂಟಿ ಆತು!"