ಎರವಲು ಕೊಡಬಾರದ ವಸ್ತು

ಕೊಟ್ಟು ತೆಗೆದುಕೊಳ್ಳುವುದು ನಮ್ಮ ಜನರ ಬಾಳಿನ ನೇಮ. ಊರಿನಲ್ಲಿ ನೆರೆಮನೆಯಿಂದ ಏಣಿಯನ್ನು ತರುತ್ತೇವೆ, ಮದುವೆಗೆ ಹಂಡೆ ಕೊಪ್ಪರಿಗೆಗಳನ್ನು ತರುತ್ತೇವೆ. ಹೈದರಾಬಾದಿಗೆ ಬಂದ ಮೇಲೂ ಈ ನೇಮ ತಪ್ಪಿಲ್ಲ. ಮೆಹದಿಪಟ್ಟಣದ ಒಂದೇ ಕೋಣೆಯಲ್ಲಿ ಐದಾರು ಮಂದಿ ಕೂಡಿ ಬಾಳುವ ನಮ್ಮ ಹೋಟೆಲ್ ಕೆಲಸಗಾರರಲ್ಲಿಯೂ ಗುಮಾಸ್ತರಲ್ಲಿಯೂ ಒಬ್ಬನ ಅಂಗಿ ಇನ್ನೊಬ್ಬನ ಮೈಮೇಲೆ, ಒಬ್ಬನ ಮೋಟಾರು ಸೈಕಲ್ಲು ಇನ್ನೊಬ್ಬನ ಕೈಯಲ್ಲಿ ಇರುವುದು ನಿತ್ಯದ ನೋಟ. ಪರಸ್ಥಳದಲ್ಲಿ ನಮ್ಮವರನ್ನು ಕಾಪಾಡಿಕೊಂಡು ಬಂದಿರುವ ಈ ಔದಾರ್ಯವನ್ನು ನಾವು ಕಡಿಮೆಯೆಂದು ಎಣಿಸುವವರಲ್ಲ. ಆದರೆ ಎಷ್ಟೇ ಆಪ್ತನಾದ ಗೆಳೆಯನಿಗೂ ಎರವಲು ಕೊಡಬಾರದ, ಅವನಿಂದ ಎರವಲು ಪಡೆಯಲೂ ಬಾರದ ವಸ್ತುವೊಂದಿದೆ. ಅದು ಬೇಟೆಯ ಕೋವಿ.

ಗಲ್ಲೆಯ ಮುಂದೆ ಕುಳಿತವನಿಗೂ ದೋಸೆಯ ಕಾವಲಿಯ ಮುಂದೆ ನಿಂತವನಿಗೂ ಕೋವಿಯ ಗೊಡವೆ ಏಕೆಂದು ಓದುಗರು ಕೇಳಬಹುದು. ನಮ್ಮಲ್ಲಿ ಅನೇಕರು ಕುಂದಾಪುರ, ಕಾರ್ಕಳ, ತೀರ್ಥಹಳ್ಳಿ, ಕೊಡಗುಗಳ ಕಡೆಯಿಂದ ಬಂದವರು. ಹಂದಿ ಮಂಗಗಳಿಂದ ಗದ್ದೆ ತೋಟಗಳನ್ನು ಕಾಯಲು ಪರವಾನಗಿ ಪಡೆದ ಕೋವಿ ಆ ಕಡೆಯ ಎಷ್ಟೋ ಮನೆಗಳಲ್ಲಿ ಇದೆ. ದಸರೆಗೋ ದೀಪಾವಳಿಗೋ ರಜೆಯ ಮೇಲೆ ಹೋದವನನ್ನು ಬಾಲ್ಯದ ಗೆಳೆಯರು ರಾತ್ರಿ ಕಾಡಿಗೆ ಕರೆಯುತ್ತಾರೆ. "ನಿನಗೂ ಒಂದು ಕೋವಿ ಕೊಡಿಸುತ್ತೇವೆ, ಬಾರಯ್ಯ" ಎನ್ನುತ್ತಾರೆ. ಇಲ್ಲವೆ ತಂದೆ ತೀರಿಕೊಂಡು ಮಗ ಪಟ್ಟಣದಲ್ಲಿರುವಾಗ ಮನೆಯ ಕೋವಿ ನೆರೆಯವನ ಅಟ್ಟವನ್ನು ಸೇರುತ್ತದೆ. ಇವೆರಡರಲ್ಲಿ ಯಾವುದನ್ನೂ ಯಾರೂ ಅಪರಾಧವೆಂದು ಭಾವಿಸುವುದಿಲ್ಲ. ಅಪಾಯವಿರುವುದು ಅಲ್ಲಿಯೇ.

ಕಾಯಿದೆ ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ೧೯೫೯ರ ಆಯುಧ ಕಾಯಿದೆಯಲ್ಲಿ 'ಹಸ್ತಾಂತರ' ಎಂಬ ಪದಕ್ಕೆ ಕೊಟ್ಟಿರುವ ಅರ್ಥದೊಳಗೆ ಬಾಡಿಗೆಗೆ ಕೊಡುವುದು, ದಾನವಾಗಿ ಕೊಡುವುದು, ಸ್ವಾಧೀನವನ್ನು ಬಿಟ್ಟುಕೊಡುವುದು ಇವುಗಳೊಡನೆ ಎರವಲು ಕೊಡುವುದೂ ಸೇರಿದೆ. ಒಂದು ರಾತ್ರಿಯ ಮಟ್ಟಿಗೆ ಕೊಟ್ಟೆನೆಂದರೂ ಕಾಯಿದೆಯ ಕಣ್ಣಿಗೆ ಅದು ಕೋವಿಯನ್ನು ಪರಭಾರೆ ಮಾಡಿದಂತೆಯೇ. ಸ್ವಂತ ಉಪಯೋಗದ ಕೋವಿಯನ್ನು ಅರ್ಹನಾದ ಇನ್ನೊಬ್ಬನಿಗೆ ಕೊಡಬೇಕಾದರೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಸಮೀಪದ ಪೊಲೀಸ್ ಠಾಣೆಗೆ ಅವನ ಹೆಸರು ವಿಳಾಸಗಳನ್ನು ಮೊದಲೇ ಬರೆದು ತಿಳಿಸಿ, ೪೫ ದಿನಗಳು ಕಳೆಯುವವರೆಗೆ ಕಾಯಬೇಕು. ಸಂಜೆ ಕೇಳಿ ರಾತ್ರಿ ಒಯ್ಯುವ ಎರವಲಿಗೆ ಇದರಲ್ಲಿ ಎಡೆಯೇ ಇಲ್ಲ.

"ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ" ಎಂಬ ಗಾದೆಯುಂಟು. ಕೋವಿಯ ವಿಷಯದಲ್ಲಿ ಗಾದೆಯೂ ಸೋಲುತ್ತದೆ. ಇಲ್ಲಿ ಇಬ್ಬರೂ ಕೋಡಂಗಿಗಳೇ. ೨೦೧೯ರ ತಿದ್ದುಪಡಿಯಾದ ಮೇಲೆ, ಪರವಾನಗಿಯಿಲ್ಲದೆ ಕೋವಿಯನ್ನು ಇಟ್ಟುಕೊಂಡವನಿಗೆ ಎರಡರಿಂದ ಐದು ವರ್ಷಗಳವರೆಗೆ ಸೆರೆವಾಸವನ್ನೂ ದಂಡವನ್ನೂ ವಿಧಿಸಬಹುದು. ಕಾಯಿದೆಯ ಐದನೆಯ ಕಲಮಿಗೆ ವಿರುದ್ಧವಾಗಿ ಹಸ್ತಾಂತರಿಸಿದವನಿಗೆ ಕನಿಷ್ಠ ಏಳು ವರ್ಷ. ಅದು ಜೀವಾವಧಿಯವರೆಗೂ ಹೋಗಬಹುದು. ಪಡೆಯುವವನು ಅರ್ಹನೋ ಅಲ್ಲವೋ ಎಂದು ವಿಚಾರಿಸದೆ ಒಪ್ಪಿಸಿದ್ದಕ್ಕೆ ಆರು ತಿಂಗಳವರೆಗಿನ ಸೆರೆಯ ಬೇರೆ ಕಲಮೂ ಇದೆ. ಯಾವ ಕಲಮು ಅನ್ವಯಿಸುತ್ತದೆಂಬುದನ್ನು ಆಯಾ ಸಂದರ್ಭವನ್ನು ನೋಡಿ ಪೊಲೀಸರೂ ನ್ಯಾಯಾಲಯವೂ ನಿರ್ಧರಿಸುವರು; "ಗೆಳೆಯನಲ್ಲವೇ" ಎಂಬ ಮಾತು ಆಗ ಸಮರ್ಥನೆಯಾಗದು. ೨೧ ವರ್ಷ ತುಂಬದವನು ಕೋವಿಯನ್ನು ಪಡೆಯುವುದನ್ನೂ ಹೊಂದಿರುವುದನ್ನೂ ಕಾಯಿದೆ ನಿಷೇಧಿಸಿದೆ. ನಮ್ಮ ಹೋಟೆಲುಗಳಲ್ಲಿ ದುಡಿಯುವ ಹುಡುಗರಲ್ಲಿ ಎಷ್ಟು ಮಂದಿ ಆ ವಯಸ್ಸನ್ನು ದಾಟಿದ್ದಾರೆ?

ಈ ಮಾತಿಗೆ ಕೊಡಗಿನ ಉದಾಹರಣೆಯನ್ನು ಕೊಟ್ಟು ಎದುರು ವಾದಿಸುವವರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿಷಯದಲ್ಲಿ ೧೮೬೧ರಿಂದ ವಿನಾಯಿತಿಯಿದೆ. ಕೇಂದ್ರ ಸರಕಾರ ೨೦೧೯ರಲ್ಲಿ ಅದನ್ನು ೨೦೨೯ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟು ೨೦೨೧ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ, ಹುಟ್ಟು ಸಾವುಗಳೆರಡನ್ನೂ ಗುಂಡು ಹಾರಿಸಿ ಸಾರುವ ನಾಡು ಅದು. ಆದರೆ ವಿನಾಯಿತಿ ದೊರೆತಿರುವುದು ವ್ಯಕ್ತಿಗೆ, ಅವನ ಕೋವಿಗಲ್ಲ. ಅದೇ ಕೋವಿ ವಿನಾಯಿತಿಯಿಲ್ಲದ ಗೆಳೆಯನ ಹೆಗಲೇರಿದ ಕ್ಷಣದಲ್ಲಿ, ಆ ಗೆಳೆಯನ ಮಟ್ಟಿಗೆ, ಪರವಾನಗಿಯಿಲ್ಲದ ಕೋವಿಯಾಗುತ್ತದೆ. ಕೋವಿಯನ್ನು ದೇವರ ಸಮಾನವೆಂದು ಕಾಣುವವರಿಗೆ, ಅದನ್ನು ಕೈಯಿಂದ ಕೈಗೆ ದಾಟಿಸಬಾರದೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇನ್ನು ಬೇಟೆಯ ಮಾತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದರಲ್ಲಿಯೂ ೧೯೯೧ರ ತಿದ್ದುಪಡಿಯ ನಂತರ, ಮೋಜಿನ ಬೇಟೆಯ ಬಾಗಿಲನ್ನು ಮುಚ್ಚಿದೆ. ಕೊಂದವನಷ್ಟೇ ಅಲ್ಲ, ಪೊದೆ ಬಡಿದು ಮೃಗವನ್ನು ಎಬ್ಬಿಸಿ ಅಟ್ಟಿದವನೂ ಆ ಕಾಯಿದೆಯ ಅರ್ಥದಲ್ಲಿ ಬೇಟೆಯಾಡಿದವನೇ. ಅಪರಾಧಕ್ಕೆ ಬಳಸಿದ ಆಯುಧವೂ ವಾಹನವೂ ವಶವಾದರೆ ಸರಕಾರದ ಸ್ವತ್ತಾಗುತ್ತವೆ. ಎರವಲು ಕೊಟ್ಟವನಿಗೆ ಕೋವಿ ಮರಳಿ ಬರುವ ಭರವಸೆಯೂ ಇಲ್ಲ.

ಕಾಯಿದೆಯನ್ನು ಬದಿಗಿರಿಸಿದರೂ ಕಬ್ಬಿಣಕ್ಕೆ ಸ್ನೇಹದ ಅರಿವಿಲ್ಲ. ಪ್ರತಿಯೊಂದು ಕೋವಿಗೂ ಅದರದೇ ಗುಣವುಂಟು. ಒಂದರ ಕುದುರೆ ಬಿಗಿ, ಇನ್ನೊಂದರದು ಬೆರಳು ತಗಲಿದರೆ ಸಾಕೆನ್ನುವಷ್ಟು ಸಡಿಲ. ಹಳೆಯ ಹನ್ನೆರಡು ಬೋರಿನ ಕೋವಿಗಳಲ್ಲಿ ಕೆಲವು ೬೫ ಮಿಲಿಮೀಟರ್ ತೋಟಾಕ್ಕಾಗಿ ಮಾಡಿದವು. ಈಗ ಸಾಮಾನ್ಯವಾದ ೭೦ ಮಿಲಿಮೀಟರ್ ತೋಟಾ ಅದರೊಳಗೆ ಸರಾಗವಾಗಿ ಹೋಗಿ ಕೂರುತ್ತದೆ. ಏಕೆಂದರೆ ಆ ಅಳತೆ ಹಾರಿಸಿದ ಮೇಲೆ ಬಿಚ್ಚಿಕೊಂಡ ತೋಟಾದ್ದು. ಹಾರಿಸಿದಾಗ ಒತ್ತಡ ಮಿತಿಮೀರಿ ನಳಿಗೆ ಸೀಳಬಹುದು. ಒಡೆಯನಿಗೆ ತಿಳಿದಿರುವ ಈ ಸಂಗತಿ ಎರವಲು ಒಯ್ದವನಿಗೆ ತಿಳಿದಿರುವುದಿಲ್ಲ. ರೈಫಲ್ಲಾದರೆ ಮತ್ತೂ ಘೋರ. .೨೨ ರೈಫಲ್ಲಿನ ಪುಟ್ಟ ಗುಂಡು ಕೂಡ ಸುಮಾರು ಎರಡು ಕಿಲೋಮೀಟರ್ ಹಾರಬಲ್ಲದು. ಮೆಹದಿಪಟ್ಟಣದ ಬಸ್ಸು ನಿಲ್ದಾಣದಿಂದ ಮಾಸಬ್ ಟ್ಯಾಂಕಿನ ಸಮೀಪದವರೆಗೆ ನಡೆದು ನೋಡಿದರೆ ಆ ದೂರವೆಷ್ಟೆಂಬುದು ತಿಳಿದೀತು. ಕತ್ತಲೆಯಲ್ಲಿ ಪೊದೆ ಅಲುಗಿತೆಂದು ಜೊತೆಗಾರನ ಮೇಲೆಯೇ ಈಡು ಹಾರಿಸಿದ ಸುದ್ದಿಗಳು ಮಲೆನಾಡಿನಿಂದಲೂ ಕೊಡಗಿನಿಂದಲೂ ಬರುತ್ತಲೇ ಇವೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯಂತೆ ಐದು ವರ್ಷಗಳವರೆಗೆ ಸೆರೆ. ಅದಕ್ಕಿಂತಲೂ ದೊಡ್ಡ ಶಿಕ್ಷೆ, ಸತ್ತವನ ತಾಯಿಯನ್ನು ಊರಿನ ದಾರಿಯಲ್ಲಿ ಎದುರುಗೊಳ್ಳುವುದು.

ಪಟ್ಟಣದಲ್ಲಿ ದುಡಿಯುವವನಿಗೆ ಇಲ್ಲಿ ಇನ್ನೊಂದು ಭಯವೂ ಇದೆ. ಭೂಮಿಕಾಣಿಯುಳ್ಳವನು ಮೊಕದ್ದಮೆಗೆ ಸಿಕ್ಕಿದರೂ ಅವನ ತೋಟ ಫಲ ಕೊಡುತ್ತಿರುತ್ತದೆ. ನಮ್ಮವನಿಗಾದರೋ ತಿಂಗಳ ಸಂಬಳವೇ ತೋಟ. ಪ್ರತಿ ವಾಯಿದೆಗೂ ಇಲ್ಲಿಂದ ತೀರ್ಥಹಳ್ಳಿಯ ಕಡೆಗೋ ಮಡಿಕೇರಿಯ ಕಡೆಗೋ ಪ್ರಯಾಣ, ವಕೀಲರ ಶುಲ್ಕ, ರಜೆಯಿಲ್ಲದ ಗೈರುಹಾಜರಿ, ಕೊನೆಗೆ ಕೆಲಸಕ್ಕೇ ಸಂಚಕಾರ. ಒಂದು ರಾತ್ರಿಯ ಮೋಜಿಗೆ ಒಂದು ಸಂಸಾರದ ಅನ್ನವನ್ನು ಪಣವಾಗಿಡುವುದು ಯಾವ ಪೌರುಷ?

ಹಾಗಾದರೆ ಮಾಡಬೇಕಾದುದೇನು? ಕೋವಿಯ ಒಡೆಯನು ಊರು ಬಿಟ್ಟು ಬರುವಾಗ ಅದನ್ನು ನೆರೆಯವನ ಬಳಿ ಬಿಡದೆ, ಪೊಲೀಸ್ ಠಾಣೆಯಲ್ಲಾಗಲಿ ಪರವಾನಗಿಯುಳ್ಳ ಆಯುಧ ವ್ಯಾಪಾರಿಯಲ್ಲಾಗಲಿ ಠೇವಣಿಯಿಟ್ಟು ರಸೀದಿ ಪಡೆಯಲಿ. ತಂದೆಯ ಕಾಲಾನಂತರ ಉಳಿದ ಕೋವಿಯನ್ನೂ ವಿಳಂಬವಿಲ್ಲದೆ ಹಾಗೆಯೇ ಒಪ್ಪಿಸಿ, ಬೇಕಾದಲ್ಲಿ ವಾರಸುದಾರನು ತನ್ನ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಹಾಕಿಕೊಳ್ಳಲಿ. ರಿಪೇರಿಗೋ ಪರವಾನಗಿಯ ನವೀಕರಣಕ್ಕೋ ಒಡೆಯನ ಪರವಾಗಿ ಕೋವಿಯನ್ನು ಒಯ್ಯಬೇಕಾದರೆ, ಅವನು ಜೊತೆಯಲ್ಲಿರಬೇಕು, ಇಲ್ಲವೆ ಅವನ ಲಿಖಿತ ಅಧಿಕಾರಪತ್ರ ಕೈಯಲ್ಲಿರಬೇಕು. ಕಾಯಿದೆ ಬಿಟ್ಟಿರುವ ಕಿಂಡಿ ಇಷ್ಟು ಕಿರಿದು. ಆಯುಧಪೂಜೆಯ ದಿನ ಗೆಳೆಯನ ಕೋವಿಯನ್ನು ಹಿಡಿದು ಫೋಟೋ ತೆಗೆಸಿಕೊಂಡು ಎಲ್ಲರಿಗೂ ಕಳಿಸುವ ಹುಡುಗಾಟವೂ ಬೇಡ. ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರಿಗೆ ಅಪಾಯ ಒಡ್ಡುವುದೂ ೨೦೧೯ರಿಂದ ಪ್ರತ್ಯೇಕ ಅಪರಾಧ.

ಕೇಳಿದ ಗೆಳೆಯನಿಗೆ ಇಲ್ಲವೆನ್ನುವುದು ದಾಕ್ಷಿಣ್ಯದ ಸಂಗತಿಯೆಂಬುದನ್ನು ನಾವು ಬಲ್ಲೆವು. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಸಾಲಕ್ಕೆ ಜಾಮೀನು ನಿಂತವರ ಪಾಡನ್ನೂ ಕಂಡಿದ್ದೇವೆ. ಸಾಲವನ್ನಾದರೂ ದುಡಿದು ತೀರಿಸಬಹುದು. ನಳಿಗೆಯಿಂದ ಹೊರಟ ಗುಂಡನ್ನು ಯಾರ ದುಡಿಮೆಯೂ ಹಿಂದಕ್ಕೆ ತರಲಾರದು. ಆದುದರಿಂದ ಕೇಳುವವನೇ ಕೇಳದಿರುವುದು ಮೇಲು. ಕೇಳಿದರೆ ಕೊಡದಿರುವುದು ಸ್ನೇಹಧರ್ಮ. ಈ ಸಲ ರಜೆಯ ಮೇಲೆ ಊರಿಗೆ ಹೊರಡುವ ಬಾಂಧವರು ಈ ಮಾತನ್ನು ಬುತ್ತಿಯೊಡನೆ ಕಟ್ಟಿಕೊಂಡು ಹೋಗಬೇಕೆಂದೂ, ಹೋದವರೆಲ್ಲರೂ ಕ್ಷೇಮವಾಗಿ ಕೆಲಸಕ್ಕೆ ಮರಳಬೇಕೆಂದೂ ನಾವು ಹಾರೈಸುತ್ತೇವೆ.